ಹೋಗಿ, ನೋಡಿ, ಬಂದೆ: ಇಂಗ್ಲಿಷ್ ಟೆನ್ಸ್ ತಿದ್ದಿಸುವ ನನ್ನ ಕ್ರಮ

ಕೋಲಾರದ ಹೈಸ್ಕೂಲು ಮಕ್ಕಳಿಗೆ ಟೆನ್ಸ್ ಚಾರ್ಟು ಬಾಯಿಪಾಠ. ಆದರೂ ಪ್ರಬಂಧದಲ್ಲಿ ‘ಐ ವೆಂಟ್ ಟು ದ ಮಂಡಿ, ಸೀ ದ ಟೊಮೆಟೊ ರೇಟ್ ಅಂಡ್ ಕಮ್ ಹೋಮ್’ ಅಂತಲೇ ಬರುತ್ತದೆ. ‘ಮಂಡಿಗೆ ಹೋಗಿ, ರೇಟು ನೋಡಿ, ಮನೆಗೆ ಬಂದೆ’ ಅನ್ನುವಾಗ ಕಾಲ ಹೇಳುವುದು ‘ಬಂದೆ’ ಒಂದೇ. ‘ಹೋಗಿ’, ‘ನೋಡಿ’ ಎರಡೂ ‘ಬರ್ತೀನಿ’ ಜೊತೆಗೂ ಹಾಗೇ ಹೊಂದುತ್ತವೆ. ಒಂದು ಕಡೆ ಕಾಲ ತೋರಿಸಿದರೆ ಸಾಕು ಅನ್ನುವ ಈ ಅಭ್ಯಾಸ ಇಂಗ್ಲಿಷಿಗೂ ಬರುತ್ತದೆ. ಅಲ್ಲಿ ‘ಅಂಡ್’ ಜೋಡಿಸಿದ ಪ್ರತಿ ಕ್ರಿಯಾಪದಕ್ಕೂ ಕಾಲ ಬೇಕು: ವೆಂಟ್, ಸಾ, ಕೇಮ್.

ಅದಕ್ಕೇ ಚಾರ್ಟು ಬದಿಗಿಟ್ಟು ಪೆನ್ಸಿಲ್ ಹಿಡಿಸುತ್ತೇನೆ. ಬರೆದಾದ ಮೇಲೆ ಕ್ರಿಯಾಪದಗಳಿಗಷ್ಟೇ ಗೆರೆ. ಮೇಲೆ ‘ಹಿಂ’, ‘ಈ’, ‘ಮುಂ’ ಅಂತ ಗುರುತು. ‘ಹಿಂ’ಗಳ ನಡುವೆ ಒಂದು ‘ಈ’ ಕಂಡರೆ, ಸಮಯ ನಿಜಕ್ಕೂ ಬದಲಾಯಿತೇ ಎಂದು ಕೇಳಬೇಕು. ಇಲ್ಲವೆಂದರೆ ತಿದ್ದಬೇಕು. ‘ಡಿಡ್ ನಾಟ್ ಗೋ’ಗೆ ಮಾತ್ರ ಒಂದೇ ಉದ್ದ ಗೆರೆ, ಕಾಲವನ್ನು ‘ಡಿಡ್’ ತೋರಿಸಿಯಾಗಿದೆ. ಇದನ್ನು ಮೊದಲೇ ಹೇಳದಿದ್ದರೆ ತಿದ್ದುವ ಹುರುಪಿನಲ್ಲಿ ‘ಡಿಡ್ ನಾಟ್ ವೆಂಟ್’, ‘ವಾಂಟೆಡ್ ಟು ಬಾಟ್’ ಮಾಡಿಬಿಡುತ್ತಾರೆ.

ಎಲ್ಲ ‘ಈ’ಯೂ ತಪ್ಪಲ್ಲ. ‘ಅವರ್ ಟೀಚರ್ ಸೆಡ್ ದಟ್ ನಂದಿ ಹಿಲ್ಸ್ ಈಸ್ 1,478 ಮೀಟರ್ಸ್ ಹೈ’ ಸರಿಯೇ. ಬೆಟ್ಟ ಇವತ್ತಿಗೂ ಅಷ್ಟೇ ಎತ್ತರ. ‘ಬರ್ತೀನಿ ಅಂದ’ ಎಂಬುದು ‘ಹಿ ಸೆಡ್ ಹಿ ವುಡ್ ಕಮ್’ ಆಗಬೇಕು. ಬರುವುದು ಇನ್ನೂ ಬಾಕಿಯಿದ್ದರೆ ‘ವಿಲ್’ ಕೂಡ ನಡೆಯುತ್ತದೆ, ಪರೀಕ್ಷೆಯಲ್ಲಿ ‘ವುಡ್’ ಬರೆಯುವುದೇ ಕ್ಷೇಮ.

ಹೆಚ್ಚು ತೊಡಕು ‘ವೆನ್’ ಮತ್ತು ‘ಇಫ್’ನಲ್ಲಿ. ‘ಬಸ್ಸು ಬಂದಾಗ ಫೋನ್ ಮಾಡ್ತೀನಿ’ ಎಂಬುದನ್ನು ಕೆಲವರು ‘ವೆನ್ ದ ಬಸ್ ಕೇಮ್’ ಅಂತ ಬರೆದರೆ, ಉಳಿದವರು ‘ವೆನ್ ದ ಬಸ್ ವಿಲ್ ಕಮ್’ ಅನ್ನುತ್ತಾರೆ. ‘ಬಂದಾಗ’, ‘ಬಂದರೆ’ಗಳ ‘ಬಂದ’ ಭೂತಕಾಲದಂತೆ ಕಾಣುವುದರಿಂದ ಮೊದಲನೆಯ ತಪ್ಪು. ಕೆಲಸ ಮುಂದೆ ಆಗಬೇಕಾದ್ದರಿಂದ ಎರಡನೆಯದು. ಮುಂದಿನ ಮಾತಾದರೆ ‘ವಿಲ್’ ಮುಖ್ಯ ವಾಕ್ಯದಲ್ಲಿ ಮಾತ್ರ: ‘ವೆನ್ ದ ಬಸ್ ಕಮ್ಸ್, ಐ ವಿಲ್ ಕಾಲ್’. ‘ಆಫ್ಟರ್’, ‘ಅಂಟಿಲ್’ಗೂ ಇದೇ.

‘ಹ್ಯಾಡ್’ ಕೊನೆಗೆ ಕಲಿಸುತ್ತೇನೆ. ‘ವೆನ್ ದ ಕೆಜಿಎಫ್ ಮೈನ್ಸ್ ಕ್ಲೋಸ್ಡ್ ಇನ್ 2001, ದೇ ಹ್ಯಾಡ್ ರನ್ ಫಾರ್ ಓವರ್ ಎ ಸೆಂಚುರಿ’. ಗಣಿ ಮುಚ್ಚಿದ್ದಕ್ಕಿಂತ ಹಿಂದಕ್ಕೆ ಹೋಗಬೇಕಾದ್ದರಿಂದ ‘ಹ್ಯಾಡ್’. ಒಮ್ಮೆ ಹಿಂದಕ್ಕೆ ಹೋದ ಮೇಲೆ ಮುಂದಿನ ವಾಕ್ಯ ಸಾದಾ ಭೂತಕಾಲಕ್ಕೇ ಮರಳಲಿ. ‘ಬಿಫೋರ್’, ‘ಆಫ್ಟರ್’ ಇದ್ದರೆ ಯಾವುದು ಮೊದಲೆಂದು ಅವೇ ಹೇಳುವುದರಿಂದ ಅಲ್ಲಿ ‘ಹ್ಯಾಡ್’ ಇಲ್ಲದೆಯೂ ನಡೆಯುತ್ತದೆ.