ಫಾರ್ಮ್ಯಾಟ್ ಹೊಡೆಯದೆ ಡಿಪಿಕೆಜಿ ಗಂಟು ಬಿಡಿಸಿದ ಬಗೆ

ಉಬುಂಟು ಲಿನಕ್ಸಿನಲ್ಲಿ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಹಾಕಿ ತೆಗೆಯುವ ಡಿಪಿಕೆಜಿ ಒಮ್ಮೊಮ್ಮೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಈ ಸುಳಿಗೆ ಸಿಕ್ಕವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ಯಾಕೇಜ್ ತೆಗೆಯಹೋದರೆ ‘ಮೊದಲು ರೀಇನ್‌ಸ್ಟಾಲ್ ಮಾಡು’ ಎನ್ನುತ್ತದೆ ಡಿಪಿಕೆಜಿ. ರೀಇನ್‌ಸ್ಟಾಲ್‌ಗೆ ಹೋದರೆ ‘ಆರ್ಕೈವ್ (ಪ್ಯಾಕೇಜ್ ಫೈಲು) ಇಲ್ಲ’ ಎನ್ನುತ್ತದೆ ಪ್ಯಾಕೇಜ್ ತಂದುಕೊಡುವ ಆಪ್ಟ್. ಬೇರೆ ಪ್ಯಾಕೇಜನ್ನೂ ಮುಟ್ಟಗೊಡುವುದಿಲ್ಲ. ಉಬುಂಟು ಹಾಕಿದ ಬಿಲ್ಲಿಂಗ್ ಯಂತ್ರಗಳಲ್ಲಿ ಇದಕ್ಕೆ ಕಾರಣ, ರೆಪೊದಲ್ಲಿ (ಆನ್‌ಲೈನ್ ಪ್ಯಾಕೇಜ್ ಭಂಡಾರದಲ್ಲಿ) ಇಲ್ಲದ ಹಳೇ ಪ್ರಿಂಟರ್ ಡ್ರೈವರಿನ ಡೆಬ್ ಎಂಬ ಪ್ಯಾಕೇಜ್ ಫೈಲು. ಫಾರ್ಮ್ಯಾಟೇ ಗತಿ ಅಂದವರೇ ಎಲ್ಲ. ಯಂತ್ರಕ್ಕೆ ಐನೂರು-ಆರುನೂರು ರೂಪಾಯಿ, ಮೇಲೆ ಅರ್ಧ ದಿನ ಕೌಂಟರ್ ಬಂದ್. ಅಂಥವು ಹದಿನೈದೋ ಹದಿನಾರೋ ಇದ್ದವು.

ಡಿಪಿಕೆಜಿ ಪಟ್ಟಿಯಲ್ಲಿ ಸಾಲಿನ ಮುಂದೆ ‘ಐಎಫ್‌ಆರ್’ ಎಂದಿತ್ತು. ಕೊನೆಯ ‘ಆರ್’ (ರೀಇನ್‌ಸ್ಟಾಲ್ ಆಗಲೇಬೇಕು ಎಂಬ ಗುರುತು) ಇರುವುದೇ ತೊಡಕು. ಮೊದಲು ಡಿಪಿಕೆಜಿ ಲೆಕ್ಕ ಬರೆದಿಡುವ ಸ್ಟೇಟಸ್ ಫೈಲಿನಿಂದ ಆ ಪ್ಯಾಕೇಜಿನ ಪ್ಯಾರಾವನ್ನೇ ಕಿತ್ತೆ. ಆಪ್ಟ್ ಸುಮ್ಮನಾಯಿತು, ಆದರೆ ಡ್ರೈವರಿನ ಫೈಲುಗಳು ವಾರಸುದಾರರಿಲ್ಲದೆ ಡಿಸ್ಕಿನಲ್ಲೇ ಉಳಿದವು. ಬ್ಯಾಕಪ್ಸ್ ಫೋಲ್ಡರಿನ ಹಿಂದಿನ ದಿನದ ಪ್ರತಿ ವಾಪಸ್ ಹಾಕಬೇಕಾಯಿತು. ಆಮೇಲೆ ಎಲ್ಲರೂ ಹೇಳುವ, ‘ಆರ್’ ಇದ್ದರೂ ಬಲವಂತವಾಗಿ ತೆಗೆಸುವ ಫೋರ್ಸ್-ರಿಮೂವ್-ರೀಇನ್‌ಸ್ಟ್‌ರೆಕ್. ಅದೂ ತೆಗೆಯುವ ಮುಂಚೆ ಓಡುವ ಪ್ರಿಆರ್‌ಎಂ ಸ್ಕ್ರಿಪ್ಟಿನಲ್ಲಿ 127 (ಕಮಾಂಡ್ ಸಿಗಲಿಲ್ಲ ಎಂಬ ದೋಷ) ಕೊಟ್ಟು ಬಿತ್ತು. ಸ್ಕ್ರಿಪ್ಟಿನ ಎರಡನೇ ಸಾಲಿಗೆ ‘ಸೆಟ್ -ಎಕ್ಸ್’ (ಪ್ರತಿ ಹೆಜ್ಜೆ ತೋರಿಸು) ಹಾಕಿ ಓಡಿಸಿದರೆ ಬಣ್ಣ ಬಯಲು: ಡ್ರೈವರಿನ ಸೇವೆ ನಿಲ್ಲಿಸಲು, ಎಂದೋ ಅಳಿಸಿಹೋದ ಇನಿಟ್-ಡಿ ಸ್ಕ್ರಿಪ್ಟನ್ನು (ಸೇವೆ ಶುರುಮಾಡಿ ನಿಲ್ಲಿಸುವುದು) ಕರೆಯಹೊರಟಿದೆ. ಮೇಲೆ ‘ಸೆಟ್ -ಇ’ (ತಪ್ಪಾದರೆ ಅಲ್ಲೇ ನಿಲ್ಲು) ಇರುವುದರಿಂದ ಅಲ್ಲೇ ಸಾವು.

ಡಿಪಿಕೆಜಿ ಈ ಸ್ಕ್ರಿಪ್ಟ್‌ಗಳನ್ನು ಇಡುವ ಇನ್ಫೋ ಫೋಲ್ಡರಿನ ಪ್ರಿಆರ್‌ಎಂ ತಿದ್ದಿ ಡೆಬ್ ಹಾಕಿದೆ. ಬಿಚ್ಚಿಕೊಂಡಿತು, ‘ಆರ್’ ಹೋಯಿತು, ಆದರೆ ಹಾಕಿದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟು ಅದೇ ಇನಿಟ್ ಸ್ಕ್ರಿಪ್ಟ್ ಹುಡುಕಿ ಸತ್ತಿತು. ನಾನು ತಿದ್ದಿದ್ದರ ಮೇಲೆ ಡೆಬ್‌ನ ಮೂಲ ಪ್ರಿಆರ್‌ಎಂ ಬಂದು ಕೂತದ್ದರಿಂದ ತೆಗೆಯಲೂ ಆಗಲಿಲ್ಲ.

ಹಾಗಾಗಿ ಡೆಬ್ ಅನ್ನೇ ತಿದ್ದಿದೆ. ಡೆಬ್ ಬಿಚ್ಚಿ ಕಟ್ಟುವ ಡಿಪಿಕೆಜಿ-ಡೆಬ್ ಕಮಾಂಡಿಗೆ ದೊಡ್ಡ ಆರ್ ಕೊಟ್ಟು ಬಿಚ್ಚಿ, ಡೆಬಿಯನ್ ಫೋಲ್ಡರಿನ ಪ್ರಿಆರ್‌ಎಂ, ಪೋಸ್ಟ್‌ಇನ್‌ಸ್ಟ್ ಎರಡರಲ್ಲೂ ಇನಿಟ್ ಸ್ಕ್ರಿಪ್ಟ್ ಕರೆಯುವ ಸಾಲಿನ ಕೊನೆಗೆ ‘|| ಟ್ರೂ’ (ಬಿದ್ದರೂ ಮುಂದೆ ಹೋಗು) ಸೇರಿಸಿ, ಮತ್ತೆ ಕಟ್ಟಿದೆ. ಇದನ್ನು ಹಾಕಿದಾಗ ನಡೆಯುವುದು ಮಜ: ಹಳೇ ಪ್ರಿಆರ್‌ಎಂ ಬೀಳುತ್ತದೆ, ಡಿಪಿಕೆಜಿ ಹೊಸ ಪ್ಯಾಕೇಜಿನದ್ದನ್ನು ಓಡಿಸಿ ನೋಡುತ್ತದೆ, ‘ಸರಿಹೋದಂತಿದೆ’ ಎಂದು ಮುಂದೆ ಹೋಗುತ್ತದೆ. ಇನ್ಫೋ ಫೋಲ್ಡರಿಗೆ ಕೈ ಹಾಕುವುದೇ ಬೇಡ. ಫಾರ್ಮ್ಯಾಟ್ ಅಂದವರು ಈಗ ನನ್ನ ಡೆಬ್ ಕೇಳುತ್ತಾರೆ. ವರ್ಷನ್ನಿನ ಕೊನೆಗೆ ‘+1’ ಹಾಕುತ್ತೇನೆ. ತೇಪೆ ಬಿದ್ದ ಯಂತ್ರ ಯಾವುದೆಂದು ಪಟ್ಟಿಯಲ್ಲೇ ಕಾಣುತ್ತದೆ.

ಪೆನ್‌ಡ್ರೈವಿನಲ್ಲಿ ಬಿಚ್ಚಿ ಕಟ್ಟಬೇಡಿ. ಪೆನ್‌ಡ್ರೈವಿನ ಫ್ಯಾಟ್ ಫೈಲ್‌ಸಿಸ್ಟಮ್‌ನಲ್ಲಿ ಡೆಬಿಯನ್ ಫೋಲ್ಡರಿನ ಪರ್ಮಿಷನ್ 777 (ಎಲ್ಲರಿಗೂ ಎಲ್ಲ ಅನುಮತಿ) ಆಗಿ, ‘755ರಿಂದ 775ರೊಳಗೆ ಇರಬೇಕು’ ಎಂದು ಡಿಪಿಕೆಜಿ-ಡೆಬ್ ತಕರಾರು ತೆಗೆಯುತ್ತದೆ. ಕಟ್ಟುವಾಗ ‘ರೂಟ್-ಓನರ್-ಗ್ರೂಪ್’ (ಫೈಲುಗಳ ಮಾಲೀಕ ರೂಟ್ ಎಂದು ಬರೆಯುವ ಆಯ್ಕೆ) ಮರೆತದ್ದು ನನ್ನ ಇನ್ನೊಂದು ಎಡವಟ್ಟು: ಡ್ರೈವರಿನ ಫಿಲ್ಟರ್ ಫೈಲಿನ ಮಾಲೀಕ ಮಾಮೂಲಿ ಯೂಸರ್ ಆಗಿ, ಇನ್‌ಸ್ಟಾಲ್ ಸುಸೂತ್ರವಾದರೂ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ‘ಇನ್‌ಸೆಕ್ಯೂರ್ ಪರ್ಮಿಷನ್ಸ್’ ಎಂದು ಪ್ರಿಂಟ್ ಕೊಡಲಿಲ್ಲ. ಇದಕ್ಕೇ ಎರಡು ಸಂಜೆ ಹೋಯಿತು.

ಯಂತ್ರಕ್ಕೆ ಈಗ ಹತ್ತು ನಿಮಿಷ ಸಾಕು. ಎಲ್ಲಕ್ಕೂ ಒಟ್ಟಿಗೆ ಓಡಿಸುವ ಸ್ಕ್ರಿಪ್ಟ್ ಬೇರೆ ಇದೆ, ಅದು ಮಾತ್ರ ಹೊಟ್ಟೆಪಾಡು, ಕೇಳಬೇಡಿ.

ನಡುವೆ ಇನ್ನೊಂದನ್ನೂ ನೋಡಿದೆ: ಇಟಿಸಿ ಫೋಲ್ಡರಿನಲ್ಲಿ ಅಳಿಸಿದ, ಪ್ಯಾಕೇಜಿನ ಕಾನ್ಫಿಗ್ (ಸೆಟ್ಟಿಂಗ್) ಫೈಲು ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದರೂ ವಾಪಸ್ ಬರುವುದಿಲ್ಲ, ಅಳಿಸಿದ್ದು ನಿಮ್ಮ ಇಷ್ಟ ಎಂದೇ ಡಿಪಿಕೆಜಿ ತಿಳಿಯುತ್ತದೆ. ‘ಫೋರ್ಸ್-ಕಾನ್ಫ್‌ಮಿಸ್’ ಸೇರಿಸಿದರೆ ಬರುತ್ತದೆ.