ಸೇವ್ ಒಂದೇ, ದಾರಿ ಮೂರು: ಮೆನು, ಟೂಲ್‌ಬಾರ್ ಜೋಡಿಸುವ ಬಗೆ

ನಾನೇ ಬರೆದ ಒಂದು ಪುಟ್ಟ ಎಡಿಟರಿನಲ್ಲಿ ಹೀಗಾಗಿತ್ತು. ಯಾವ ಫೈಲೂ ತೆರೆದಿಲ್ಲ, ಮೆನುವಿನಲ್ಲಿ ‘ಸೇವ್’ ಮಂಕಾಗಿದೆ, ಸರಿ. ಆದರೆ ಟೂಲ್‌ಬಾರಿನ ಸೇವ್ ಬಟನ್ ಮಾತ್ರ ಒತ್ತಿಸಿಕೊಳ್ಳಲು ರೆಡಿ! ಒತ್ತಿದರೆ ಖಾಲಿ ಫೈಲ್. ಹುಡುಕಿ ನೋಡಿದರೆ ಮೆನುವಿಗೊಂದು, ಬಟನ್‌ಗೊಂದು, ಕಂಟ್ರೋಲ್-ಎಸ್‌ಗೆ ಇನ್ನೊಂದು ಅಂತ ಒಂದೇ ಕೆಲಸವನ್ನು ಮೂರು ಕಡೆ ಬರೆದಿದ್ದೆ, ಫೈಲ್ ತೆರೆದಿದೆಯಾ ಅಂತ ನೋಡುವ ಸಾಲು ಒಂದರಲ್ಲಿ ಮಾತ್ರ ಇತ್ತು.

ಹಾಗಾಗಿ ಮೊದಲು ಮೆನು ಬಿಡಿಸಬೇಡಿ. ಬಳಸುವವರು ಏನೇನು ಮಾಡುತ್ತಾರೆ ಅಂತ ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿಯೊಂದರ ಪಕ್ಕ ಹೆಸರು, ಐಕಾನ್, ಶಾರ್ಟ್‌ಕಟ್ ಬರೆಯಿರಿ. ಜೊತೆಗೆ ‘ಯಾವಾಗ ಒತ್ತಬಹುದು’ ಅಂತ ಒಂದು ಕಾಲಂ ಇರಲಿ. ಎಲ್ಲರೂ ಬಿಡುವುದು ಇದನ್ನೇ.

ಈಗ ಪಟ್ಟಿಯ ಪ್ರತಿ ಸಾಲಿಗೂ ಒಂದು ಆಕ್ಷನ್ ಮಾಡಿ, ಅಂದರೆ ಆ ಕೆಲಸವನ್ನು ಕೋಡ್‌ನಲ್ಲಿ ಒಂದೇ ಕಡೆ ಇಡುವ ವಸ್ತು. ಕಿಟಕಿ, ಮೆನು, ಬಟನ್ ಕಟ್ಟಲು ಬಳಸುವ ಲೈಬ್ರರಿಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರು: ಕ್ಯೂಟಿಯಲ್ಲಿ (Qt) ಕ್ಯೂಆಕ್ಷನ್, ಜಾವಾ ಸ್ವಿಂಗ್‌ನಲ್ಲಿ ಆಕ್ಷನ್, ಡಬ್ಲ್ಯುಪಿಎಫ್‌ನಲ್ಲಿ ಐಕಮಾಂಡ್. ನಾನು ಬಳಸುವುದು ಕ್ಯೂಟಿ, ಅದರಲ್ಲೇ ಹೇಳುತ್ತೇನೆ. ಸೇವ್ ಆಕ್ಷನ್ ಒಂದನ್ನು ಮಾಡಿ, ಅದನ್ನೇ ಫೈಲ್ ಮೆನುವಿಗೂ ಟೂಲ್‌ಬಾರಿಗೂ ಸೇರಿಸಿ. ಎರಡು ಮಾಡಬೇಡಿ. ಆಮೇಲೆ ಆ ಆಕ್ಷನನ್ನು ಒಮ್ಮೆ ಡಿಸೇಬಲ್ ಮಾಡಿದರೆ ಸಾಕು, ಎರಡೂ ಕಡೆ ಮಂಕಾಗುತ್ತದೆ, ಶಾರ್ಟ್‌ಕಟ್ಟೂ ಸುಮ್ಮನಾಗುತ್ತದೆ. ಶಾರ್ಟ್‌ಕಟ್ ಕೂಡ ಕೈಯಲ್ಲಿ ಬರೆಯದೆ ಕ್ಯೂಟಿಯ ಶಾರ್ಟ್‌ಕಟ್ ಕ್ಲಾಸ್ ಆದ ಕ್ಯೂಕೀಸೀಕ್ವೆನ್ಸ್‌ನಲ್ಲಿರುವ ಸೇವ್ ಕೊಡಿ, ಮ್ಯಾಕ್‌ನಲ್ಲಿ ಅದು ತಾನಾಗೇ ಕಮಾಂಡ್-ಎಸ್ ಆಗುತ್ತದೆ.

ಯಾವಾಗ ಮಂಕಾಗಬೇಕು ಅನ್ನುವುದನ್ನೆಲ್ಲ ಒಂದೇ ಫಂಕ್ಷನ್ನಿನಲ್ಲಿ ಇಡಿ. ಫೈಲ್ ತೆರೆದಾಗ, ಮುಚ್ಚಿದಾಗ, ಸೆಲೆಕ್ಷನ್ ಬದಲಾದಾಗ, ಕ್ಲಿಪ್‌ಬೋರ್ಡ್ ಬದಲಾದಾಗ ಅದನ್ನು ಕರೆಯಿರಿ. ಅನ್‌ಡೂಗೆ ಈ ತಲೆನೋವು ಬೇಡ. ಮಾಡಿದ ಬದಲಾವಣೆಗಳ ಲೆಕ್ಕ ಇಡುವ ಕ್ಯೂಟಿಯ ಕ್ಯೂಅನ್‌ಡೂಸ್ಟ್ಯಾಕ್ ಬಳಸಿದರೆ ಅನ್‌ಡೂ ಆಕ್ಷನನ್ನು ಅದೇ ಮಾಡಿಕೊಡುತ್ತದೆ, ಮಂಕು ಮಾಡುವುದನ್ನೂ ಅದೇ ನೋಡಿಕೊಳ್ಳುತ್ತದೆ.

‘ಬೋಲ್ಡ್’ ತರಹದ ಆನ್-ಆಫ್ ಆಕ್ಷನ್ ಸ್ವಲ್ಪ ತರಲೆ. ಕರ್ಸರ್ ದಪ್ಪ ಅಕ್ಷರದ ಮೇಲೆ ಹೋದಾಗ ಬಟನ್ ಒತ್ತಿದಂತೆ ಕಾಣಬೇಕು ಅಲ್ವಾ? ಅದಕ್ಕೆ ನೀವು ಕೋಡ್‌ನಿಂದ ಟಿಕ್ ಹಾಕುತ್ತೀರಿ, ಕೂಡಲೇ ‘ಟಾಗಲ್ಡ್’ ಸಿಗ್ನಲ್, ಅಂದರೆ ಟಿಕ್ ಬದಲಾಯಿತು ಅನ್ನುವ ಸುದ್ದಿ, ಹೊರಡುತ್ತದೆ. ಅಕ್ಷರ ದಪ್ಪ ಮಾಡುವ ಕೆಲಸವನ್ನು ಅದಕ್ಕೇ ಜೋಡಿಸಿದ್ದರೆ ಯಾರೂ ಒತ್ತದೆಯೇ ಫಾರ್ಮ್ಯಾಟಿಂಗ್ ಮತ್ತೊಮ್ಮೆ ನಡೆಯುತ್ತದೆ, ನೀವು ಸುಮ್ನೆ ಅರ್ಧ ದಿನ ತಲೆ ಕೆರೆದುಕೊಳ್ಳುತ್ತೀರಿ. ಹಾಗಾಗಿ ಆ ಕೆಲಸವನ್ನು ‘ಟ್ರಿಗರ್ಡ್’ ಸಿಗ್ನಲ್‌ಗೆ ಜೋಡಿಸಿ. ಕೋಡ್‌ನಿಂದ ಹಾಕಿದ ಟಿಕ್‌ಗೆ ಅದು ಹೊರಡುವುದಿಲ್ಲ.

ಟೂಲ್‌ಬಾರಿಗೆ ಎಲ್ಲವನ್ನೂ ತುಂಬಬೇಡಿ. ಮೆನುವಿನಲ್ಲಿ ಎಲ್ಲವೂ ಇರಲಿ, ಟೂಲ್‌ಬಾರಿನಲ್ಲಿ ಜಾಸ್ತಿ ಬಳಸುವವು ಮಾತ್ರ. ‘ಸೇವ್ ಆಸ್...’ ಎಂದು ಮೂರು ಚುಕ್ಕಿ ಹಾಕುವುದು ಕೆಲಸಕ್ಕೆ ಮುಂಚೆ ಇನ್ನೇನೋ ಕೇಳುವುದಿದ್ದರೆ ಮಾತ್ರ. ಬಟನ್ ಮೇಲೆ ಹೆಸರು ತೋರಿಸುವಾಗ ಆ ಚುಕ್ಕಿಗಳನ್ನು ಕ್ಯೂಟಿಯೇ ತೆಗೆಯುತ್ತದೆ. ಇನ್ನು, ಆಗದ ಕೆಲಸವನ್ನು ಮೆನುವಿನಿಂದ ಮಾಯ ಮಾಡಬೇಡಿ, ಮಂಕು ಮಾಡಿ. ಮಾಯವಾದರೆ ಕೆಳಗಿನವು ಮೇಲೆ ಸರಿದು, ರೂಢಿಯಾದ ಕೈ ಬೇರೇನನ್ನೋ ಒತ್ತುತ್ತದೆ.

ಎಲ್ಲ ಆದ ಮೇಲೆ ತೆರೆದ ಫೈಲ್‌ಗಳನ್ನೆಲ್ಲ ಮುಚ್ಚಿ, ಕಂಟ್ರೋಲ್-ಎಸ್ ಒತ್ತಿ ನೋಡಿ. ಏನೂ ಆಗಬಾರದು.