ಗುತ್ತಿಗೆ ನೌಕರರಿಗೆ ಕನಿಷ್ಠ ವೇತನ: ಲೆಕ್ಕ ಹಾಕುವ ಬಗೆ

ನಗರಸಭೆಯ ಕಸದ ಆಟೊ ಓಡಿಸುವವರು, ನೀರುಗಂಟಿಗಳು, ಕಂಪ್ಯೂಟರ್ ಆಪರೇಟರ್‌ಗಳಲ್ಲಿ ಅನೇಕರಿಗೆ ಸಂಬಳ ಬರುವುದು ಗುತ್ತಿಗೆದಾರರ ಕೈಯಿಂದ. ಕಡಿಮೆ ಬರುತ್ತಿದೆ ಎಂಬ ಅನುಮಾನ ಮೂಡಿದೊಡನೆ ಖಾತೆಗೆ ಬಿದ್ದ ಮೊತ್ತವನ್ನು ಕನಿಷ್ಠ ವೇತನದೊಡನೆ ಹೋಲಿಸಿ ದೂರು ಕೊಟ್ಟವರನ್ನು, ಆ ದೂರು ಮೊದಲ ದಿನವೇ ಬಿದ್ದುಹೋಗಿ ಸಪ್ಪೆ ಮುಖದಲ್ಲಿ ಮರಳಿದವರನ್ನು ಸಾಕಷ್ಟು ಕಂಡಿದ್ದೇನೆ.

ಮೊದಲು ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನಿಮ್ಮ ಕೆಲಸದ ವರ್ಗ, ಕೌಶಲದ ಮಟ್ಟ ಮತ್ತು ಊರಿನ ವಲಯವನ್ನು ಗುರುತಿಸಿಕೊಳ್ಳಿ. ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ 1ರಿಂದ ಬದಲಾಗುವುದರಿಂದ ಚಾಲ್ತಿ ವರ್ಷದ ಪಟ್ಟಿಯನ್ನೇ ನೋಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಪಟ್ಟಿಯನ್ನು ದಯವಿಟ್ಟು ನಂಬಬೇಡಿ.

ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹಾಜರಾತಿಯ ಫೋಟೊ ಸೇರಿಸಿಡಿ.

ಎಲ್ಲರೂ ಎಡವುವುದು ಲೆಕ್ಕದಲ್ಲಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ದಿನಕ್ಕೆ 550 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. 26 ದಿನಕ್ಕೆ 14,300 ಆಗುತ್ತದೆ. ವಾರದ ರಜೆಯ ಕೂಲಿ ಅದರೊಳಗೇ ಅಡಗಿದೆ. ಇದರಲ್ಲಿ ನೌಕರರ ಪಾಲಿನ ಪಿಎಫ್ (ಭವಿಷ್ಯನಿಧಿ) ಶೇ 12, ಅಂದರೆ 1,716, ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಶೇ 0.75, ಅಂದರೆ 108 ರೂಪಾಯಿ ಕಡಿತವಾಗುವುದು ನ್ಯಾಯವೇ. ಆದ್ದರಿಂದ ಖಾತೆಗೆ 12,476 ಬಂದರೆ ಮೋಸವಾಗಿಲ್ಲ. 10,295 ಮಾತ್ರ ಬಂದರೆ ಗುತ್ತಿಗೆದಾರ ತನ್ನ ಪಾಲಿನ ಪಿಎಫ್ 1,716 ಮತ್ತು ಇಎಸ್‌ಐ 465 ರೂಪಾಯಿಗಳನ್ನೂ ನಿಮ್ಮಿಂದಲೇ ಮುರಿದುಕೊಂಡಿದ್ದಾನೆ ಎಂದರ್ಥ, ಇದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಇನ್ನೊಂದು ಚಳಕವಿದೆ: 14,300ನ್ನು 30ರಿಂದ ಭಾಗಿಸಿ, ಹಾಜರಾದ 26 ದಿನಕ್ಕಷ್ಟೇ ಗುಣಿಸುವುದು. ಆಗ ಕಡಿತಕ್ಕೆ ಮೊದಲೇ 1,907 ರೂಪಾಯಿ ಮಾಯವಾಗಿರುತ್ತದೆ. ಮುರಿದ ಪಿಎಫ್ ನಿಜವಾಗಿಯೂ ಜಮೆ ಆಗಿದೆಯೇ ಎಂಬುದನ್ನು ಪಿಎಫ್ ಪಾಸ್‌ಬುಕ್ಕಿನಲ್ಲೇ ನೋಡಬೇಕು; ಚೀಟಿಯಲ್ಲಿ ಬರೆದದ್ದು ಸಾಕ್ಷಿಯಲ್ಲ.

ಇಂಥ ಮುರಿತ ಹೊಸತೇನಲ್ಲ. ದೆಹಲಿಯಲ್ಲಿ ನಡೆದ 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯಲ್ಲಿ ದಿನಗೂಲಿ 9 ರೂಪಾಯಿ 25 ಪೈಸೆಯಾಗಿದ್ದಾಗ ಕೂಲಿಗಳನ್ನು ಕರೆತರುತ್ತಿದ್ದ ಜಮಾದಾರರು 1 ರೂಪಾಯಿ ಕಮಿಷನ್ ಹಿಡಿದುಕೊಳ್ಳುತ್ತಿದ್ದರು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ ಆಗ ಹೇಳಿತು. ಮರುವರ್ಷ ರಾಜಸ್ಥಾನದ ಬರಪರಿಹಾರ ಕಾಮಗಾರಿಗೂ ಇದೇ ಮಾತನ್ನು ಅನ್ವಯಿಸಿತು. ಸರ್ಕಾರದ ಹಣದಲ್ಲಿ ನಡೆಯುವ ಕೆಲಸವೆಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ.

ಮುಂದೆ, ಗುತ್ತಿಗೆದಾರನ ಬಿಲ್ಲು, ಕಾರ್ಯಾದೇಶ ಮತ್ತು ಬಿಲ್ಲಿಗೆ ಲಗತ್ತಿಸಿದ ಪಿಎಫ್ ಚಲನ್‌ಗಳ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಪುರಾಣ ಬರೆದರೆ ತಿರಸ್ಕರಿಸಲು ನೆಪ ಕೊಟ್ಟಂತಾಗುತ್ತದೆ. ತಲೆಗೆ ಎಷ್ಟು ರೂಪಾಯಿಯಂತೆ ಬಿಲ್ಲು ಪಾಸಾಗಿದೆ, ನಿಮಗೆ ಎಷ್ಟು ಬಂದಿದೆ ಎಂಬುದು ಅಲ್ಲಿ ಎದುರುಬದುರು ನಿಲ್ಲುತ್ತದೆ. ಕಚೇರಿಯ ಹೊರಗೆ ಮಾರುವ ಅಚ್ಚಾದ ಫಾರಂ ಕೊಳ್ಳಬೇಡಿ, ಬಿಳಿ ಹಾಳೆ ಸಾಕು.

ಕೊನೆಯದಾಗಿ, ಕಾರ್ಮಿಕ ಇಲಾಖೆಗೆ ಸಲ್ಲಿಸುವ ಅರ್ಜಿಯಲ್ಲಿ ಗುತ್ತಿಗೆದಾರನ ಜೊತೆಗೆ ನಗರಸಭೆಯನ್ನೂ ಎದುರುದಾರನನ್ನಾಗಿ ಹೆಸರಿಸುವುದು ಕಡ್ಡಾಯವೆಂದೇ ತಿಳಿಯಿರಿ. ಗುತ್ತಿಗೆದಾರ ಕೊಡದ ಸಂಬಳವನ್ನು ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಅರ್ಜಿಗೆ ಮೂರು ವರ್ಷಗಳ ಅವಕಾಶವಿದೆ, ಮತ್ತು ಹಣ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು. ತಿಂಗಳುವಾರು ವ್ಯತ್ಯಾಸದ ಪಟ್ಟಿ ಲಗತ್ತಿಸಿ, ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಮೇಲೆಯೇ ಕಚೇರಿಯಿಂದ ಹೊರಡಿ.